ಹಲ್ಲುನೋವೋ, ಮೋರೆನೋವೋ?

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನನ್ನಲ್ಲಿಗೆ ಬಂದು, "ಈ ಸಲ ಆರೋಗ್ಯದ ಮೇಲೆ ಒಂದು ಭಾಷಣವಾಗಲಿ; ಆದರೆ ಹಲ್ಲುಜ್ಜುವುದು ಹೇಗೆಂಬುದನ್ನು ಮಾತ್ರ ಹೇಳಬೇಡಿ, ಅದನ್ನು ಎಲ್ಲರೂ ಬಲ್ಲರು" ಎಂದು ಕರಾರು ಹಾಕಿದರು. ಎಲ್ಲರೂ ಬಲ್ಲರೆಂಬುದರಲ್ಲಿ ಹಲ್ಲಿನ ವೈದ್ಯನಾದ ನನಗೆ ಸಂದೇಹವುಂಟು. ಆದರೂ ಕರಾರಿಗೆ ಒಪ್ಪಿ ಬಂದಿದ್ದೇನೆ. ಇಂದು ನಾನು ಹೇಳಹೊರಟಿರುವುದು ನಮ್ಮಲ್ಲಿ ಅನೇಕರು ಒಳಗೊಳಗೇ ಅನುಭವಿಸಿ, ನಾಚಿಕೆಯಿಂದ ಯಾರಿಗೂ ಹೇಳದೆ ಇರುವ ಒಂದು ಸಂಕಟದ ವಿಷಯ. ಮೋರೆಯ ಒಂದು ಪಕ್ಕದಲ್ಲಿ ನೋವು. ಅದು ಹಲ್ಲಿನದೋ, ಕಿವಿಯದೋ, ನರದ್ದೋ ತಿಳಿಯದು. ತಿಳಿದುಕೊಳ್ಳಬೇಕಾದರೆ ಹಲ್ಲಿನ ವೈದ್ಯರ ಕುರ್ಚಿಯ ಮೇಲೆ ಕೂಡಬೇಕು. ಆ ಕುರ್ಚಿಯನ್ನು ನೆನೆದರೇ ಕೈಕಾಲು ತಣ್ಣಗಾಗುತ್ತವೆ. ನೋವು ಒಂದು ಕಡೆಗೆ, ಭಯ ಇನ್ನೊಂದು ಕಡೆಗೆ ಎಳೆಯುತ್ತಿರಲು, ನಡುವೆ ಸಿಕ್ಕಿದ ಮನುಷ್ಯ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುತ್ತ ಕಾಲ ನೂಕುತ್ತಾನೆ. ಆ ಗುಳಿಗೆಗಳನ್ನು ಬಹುಕಾಲ ನುಂಗಿದರೆ ಹೊಟ್ಟೆ ಹುಣ್ಣಾಗುವುದೂ ಮೂತ್ರಪಿಂಡ ಕೆಡುವುದೂ ಉಂಟು; ಹಲ್ಲನ್ನು ಉಳಿಸಹೋಗಿ ಹೊಟ್ಟೆಯನ್ನು ಕಳೆದುಕೊಂಡಂತೆ ಆದೀತು.

ಹೀಗೆ ಕಾಲ ನೂಕುವವರಿಗೆ ನಾನು ಹೇಳುವ ಮಾತು ಒಂದೇ. ನೋವಿನ ಕಾರಣವನ್ನು ಕಂಡುಹಿಡಿಯುವುದು ಬೇರೆ, ಅದಕ್ಕೆ ಚಿಕಿತ್ಸೆ ಮಾಡಿಸುವುದು ಬೇರೆ. ಇವು ಎರಡು ಕೆಲಸಗಳು. ಒಂದೇ ದಿನ ಆಗಬೇಕೆಂಬ ನಿಯಮವೂ ಇಲ್ಲ, ಒಬ್ಬರೇ ಮಾಡಬೇಕೆಂಬ ನಿಯಮವೂ ಇಲ್ಲ. ಸೂಜಿ, ಕೊರೆಯುವ ಯಂತ್ರ, ಇಕ್ಕಳ, ಇವೆಲ್ಲ ಎರಡನೆಯ ಕೆಲಸದ ಸಾಮಾನು. ಮೊದಲನೆಯದಕ್ಕೆ ಬೇಕಾದದ್ದು ನಾಲ್ಕು ಪ್ರಶ್ನೆ, ಎರಡು ಕಣ್ಣು, ಬೆರಳು, ಒಂದು ಪುಟ್ಟ ಕನ್ನಡಿ, ಒಂದು ಕ್ಷ-ಕಿರಣದ ಚಿತ್ರ. ನಮ್ಮ ಜನರು ಎರಡನೆಯದಕ್ಕೆ ಹೆದರಿ ಮೊದಲನೆಯದನ್ನೂ ಬಿಟ್ಟುಬಿಡುತ್ತಾರೆ. ತಮಾಷೆಯೆಂದರೆ, ಮೊದಲನೆಯದನ್ನು ಮಾಡಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಎರಡನೆಯದು ಬೇಕಾಗುವುದೇ ಇಲ್ಲ.

ಇದು ನಾನು ಹೊಸೆದ ಭೇದವಲ್ಲ. ದಂತವೈದ್ಯದ ಕಾಲೇಜುಗಳು ಇರುವುದೇ ಹೀಗೆ. ಅಹಮದಾಬಾದಿನ ಅಸಾರ್ವಾದಲ್ಲಿ, ಸಿವಿಲ್ ಆಸ್ಪತ್ರೆಯ ಆವರಣದೊಳಗೆ, ೧೯೬೩ರಲ್ಲಿ ಸ್ಥಾಪನೆಯಾದ ಸರಕಾರಿ ದಂತವೈದ್ಯ ಕಾಲೇಜಿದೆ. ನಮ್ಮ ಬೆಂಗಳೂರಿನಲ್ಲಿ ಇಂಥದೇ ಕಾಲೇಜು ೧೯೫೮ರಲ್ಲಿ ಆರಂಭವಾಯಿತು. ಇಂಥ ಕಾಲೇಜಿನ ಆಸ್ಪತ್ರೆಗೆ ಹೊಸ ರೋಗಿ ಹೋದರೆ ಸಾಮಾನ್ಯವಾಗಿ ಅವನನ್ನು ಮೊದಲು ಕಳಿಸುವುದು 'ಓರಲ್ ಮೆಡಿಸಿನ್' ಎಂಬ ವಿಭಾಗಕ್ಕೆ. ಬಾಯಿಯ ಮತ್ತು ಮೋರೆಯ ನೋವುಗಳ ಮೂಲವನ್ನು ಹುಡುಕುವುದು, ಕ್ಷ-ಕಿರಣದ ಚಿತ್ರ ತೆಗೆದು ನೋಡುವುದು ಆ ವಿಭಾಗದವರ ಕಸುಬು. ಹಲ್ಲು ಕೀಳುವವರು ಬೇರೆ ಕೋಣೆಯವರು. ಅವರ ಕೋಣೆಗೆ ನೀವಾಗಿ ನಡೆದು ಹೋಗದಿದ್ದರೆ ಅವರು ಅಟ್ಟಿಸಿಕೊಂಡು ಬರುವುದಿಲ್ಲ. ವಡೋದರೆಯ ಸಯಾಜಿ ಆಸ್ಪತ್ರೆ, ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆ ಇವೆರಡೂ ವೈದ್ಯಕೀಯ ಕಾಲೇಜಿಗೆ ಸೇರಿದವು. ಕಿವಿ ಮೂಗು ಗಂಟಲಿನ ವೈದ್ಯರೂ ಸಾಮಾನ್ಯ ರೋಗಗಳ ವೈದ್ಯರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಮೋರೆಯ ನೋವಿನಲ್ಲಿ ಇದೊಂದು ದೊಡ್ಡ ಅನುಕೂಲ.

ಪರೀಕ್ಷೆಯಲ್ಲಿ ಏನೇನು ಮಾಡುತ್ತಾರೆ? ಅದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ತಿಳಿಯದ್ದರ ಭಯವೇ ಹೆಚ್ಚಿನದು. ಕನ್ನಡಿಯಿಂದ ಒಂದೊಂದೇ ಹಲ್ಲನ್ನು ನೋಡುತ್ತಾರೆ. ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲನೆ ತಟ್ಟುತ್ತಾರೆ. ಬೇರಿನ ತುದಿಯಲ್ಲಿ ಕೀವು ಇದ್ದರೆ ಆ ಒಂದು ಹಲ್ಲು ತಟ್ಟಿದಾಗ ನೋಯುತ್ತದೆ, ಪಕ್ಕದ್ದು ನೋಯುವುದಿಲ್ಲ. ತಣ್ಣಗೆ ಮಾಡಿದ ಹತ್ತಿಯ ತುಣುಕನ್ನು ಹಲ್ಲಿಗೆ ತಾಗಿಸುತ್ತಾರೆ; ಒಂದೆರಡು ಕ್ಷಣ ಜುಮ್ಮೆನ್ನಬಹುದು. ಹಲ್ಲು ಬಿರಿದಿದೆಯೆಂಬ ಅನುಮಾನವಿದ್ದರೆ ಒಂದು ಕಡ್ಡಿಯನ್ನು ಕಚ್ಚಿ ಬಿಡಿರೆನ್ನುತ್ತಾರೆ. ಕಚ್ಚುವಾಗಲ್ಲ, ಬಿಡುವಾಗ ಚುಳುಕ್ಕೆಂದರೆ ಬಿರುಕಿರುವ ಸಂಭವ ಹೆಚ್ಚು. ಉತ್ತರಾಯಣದ ಚಿಕ್ಕಿ ತಿಂದ ಮಾರನೆಯ ವಾರ ಇಂಥವರು ನಮ್ಮಲ್ಲಿ ಕೆಲವರು ಬರುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿರೆನ್ನುತ್ತಾರೆ. ಕೆನ್ನೆಯ ಸ್ನಾಯುಗಳನ್ನು ಒತ್ತಿ ನೋಡುತ್ತಾರೆ. ಬಾಯೊಳಗೆ ಚಿತ್ರದ ಫಲಕ ಇಟ್ಟರೆ ವಾಂತಿ ಬಂದಂತಾಗುವವರಿಗೆ, ಬಾಯೊಳಗೆ ಫಲಕವಿಡದೆ ನಿಂತಲ್ಲೇ ಇಡೀ ದವಡೆಯ ಚಿತ್ರ ತೆಗೆಯುವ ಯಂತ್ರವುಂಟು. ಅರ್ಧ ನಿಮಿಷವೂ ಹಿಡಿಯದು. ಒಂದು ಹಲ್ಲಿನ ಚಿತ್ರಕ್ಕೆ ತಗಲುವ ಕಿರಣವಾದರೋ, ನೆಲದಿಂದಲೂ ಗಾಳಿಯಿಂದಲೂ ಆಕಾಶದಿಂದಲೂ ಒಂದು ದಿನದಲ್ಲಿ ನಮಗೆ ತಾನಾಗಿ ತಗಲುವುದಕ್ಕಿಂತ ಹೆಚ್ಚಿನದೇನಲ್ಲ. ಗರ್ಭಿಣಿಯರು ಮಾತ್ರ ಮೊದಲೇ ತಿಳಿಸಬೇಕು. ಪರೀಕ್ಷೆಯೆಂದರೆ ಇಷ್ಟು.

ಆದರೆ ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ನಿಮ್ಮ ಬಾಯ ಮಾತು. ನೋವನ್ನು ಹೇಳುವ ಪದಗಳಲ್ಲಿ ನಮ್ಮ ಕನ್ನಡ ಬಡವಾದದ್ದಲ್ಲ. ಜುಮ್ಮೆನ್ನುವುದು, ಮಿಡಿಯುವುದು, ಸೆಳೆಯುವುದು, ಸಿಡಿಯುವುದು, ಹಿಂಡುವುದು, ಉರಿಯುವುದು; ಈ ಒಂದೊಂದು ಮಾತೂ ಬೇರೆ ಬೇರೆ ಕಾರಣದ ಕಡೆಗೆ ಬೆರಳು ತೋರಿಸುತ್ತದೆ. ಊರಿನಲ್ಲಿ ಅಜ್ಜಿಯರು ಇವನ್ನು ಬೆರೆಸದೆ ಬಳಸುತ್ತಿದ್ದರು. ಪರಊರಿಗೆ ಬಂದ ಮೇಲೆ ನಾವು ಎಲ್ಲಕ್ಕೂ 'ದುಖೇ ಛೇ' ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತೇವೆ. ವೈದ್ಯನಿಗೆ ಅದು ಏನೂ ಹೇಳಿದಂತಲ್ಲ. ಗುಜರಾತಿಯಲ್ಲಿಯೂ ಪದಗಳಿಗೆ ಕೊರತೆಯಿಲ್ಲ. ಸಿಡಿದು ಬರುವ ನೋವಿಗೆ ಅವರು 'ಸಣಕಾ' ಎನ್ನುತ್ತಾರೆ. ಒಳಹಲ್ಲಿಗೆ ಅವರು 'ದಾಢ್' ಎಂದರೆ ನಮ್ಮ ಹಳಬರು 'ದಾಡೆ' ಎನ್ನುತ್ತಿದ್ದರು. ಎರಡೂ ಒಂದೇ ತಾಯಿಯ ಮಕ್ಕಳು. ೧೯೫೬ರ ನವೆಂಬರ್ ೧ರವರೆಗೆ ಧಾರವಾಡ ಬೆಳಗಾವಿಗಳೂ ಅಹಮದಾಬಾದು ಸೂರತ್ತುಗಳೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವಷ್ಟೆ. ಹಲ್ಲಿನ ಮಟ್ಟಿಗೆ ನಾವು ಈಗಲೂ ಪರಕೀಯರಲ್ಲ. ಒಂದು ಮಾತಿನ ಬಗ್ಗೆ ಮಾತ್ರ ಎಚ್ಚರ. 'ಛೋಕರೋ ದಾಂತ್ ಕಾಢೇ ಛೇ' ಎಂಬುದನ್ನು ಕೇಳಿ ಪಕ್ಕದ ಮನೆಯ ಹುಡುಗನಿಗೆ ಹಲ್ಲು ಕೀಳುತ್ತಿದ್ದಾರೆಂದು ಗಾಬರಿಯಾಗಬೇಡಿ. ಹುಡುಗ ನಗುತ್ತಿದ್ದಾನೆ ಎಂದು ಅದರ ಅರ್ಥ.

ವೈದ್ಯರಲ್ಲಿಗೆ ಹೋಗುವ ಮುನ್ನ ಒಂದು ವಾರ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ನೋವು ಎಲ್ಲಿ ಹುಟ್ಟಿತು, ಎಲ್ಲಿಗೆ ಹರಿಯಿತು. ಎಷ್ಟು ಹೊತ್ತು ಇತ್ತು, ಕ್ಷಣವೋ ನಿಮಿಷವೋ ಗಂಟೆಯೋ. ಏನು ಮಾಡಿದಾಗ ಬಂತು, ಏನು ಮಾಡಿದಾಗ ಹೋಯಿತು. ನಿದ್ದೆಯಿಂದ ಎಬ್ಬಿಸಿತೋ ಇಲ್ಲವೋ. ನೋವಿನ ಜಾಗವನ್ನು ಒಂದು ಬೆರಳಿನಿಂದ ತೋರಿಸಲಾಗುತ್ತದೆಯೋ, ಅಂಗೈಯಿಡಬೇಕೋ ಎಂಬುದನ್ನೂ ಗಮನಿಸಿ. ಇಷ್ಟು ಬರೆದು ತಂದ ರೋಗಿಯನ್ನು ಕಂಡರೆ ವೈದ್ಯನಿಗೆ ಅರ್ಧ ದಾರಿ ಸಾಗಿದಂತೆ. ಅಲ್ಲದೆ ಕುರ್ಚಿಯ ಮೇಲೆ ಕುಳಿತಾಗ ಹೆದರಿಕೆಯಿಂದ ನಾಲಿಗೆ ಒಣಗಿದರೂ ಪುಸ್ತಕ ಮಾತಾಡುತ್ತದೆ.

ಈಗ ಕಾರಣಗಳಿಗೆ ಬರುತ್ತೇನೆ. ಮೋರೆಯ ಎರಡು ಪಕ್ಕಕ್ಕೂ ಒಂದೊಂದು ದೊಡ್ಡ ನರವಿದೆ. ಮೂರು ಕವಲಾಗಿ ಒಡೆದು ಒಂದು ಹಣೆ ಕಣ್ಣುಗಳಿಗೆ, ಒಂದು ಮೇಲ್ದವಡೆಗೆ, ಒಂದು ಕೆಳದವಡೆಗೆ ಹೋಗುತ್ತದೆ. ಟ್ರೈಜೆಮಿನಲ್ ನರವೆಂದು ವೈದ್ಯರ ಹೆಸರು. ಒಂದೇ ಕಾಂಡದ ಮೂರು ಕೊಂಬೆಗಳಾದ್ದರಿಂದ, ಕೆಳಗಿನ ದಾಡೆ ಕೆಟ್ಟರೆ ಕಿವಿ ನೋಯುತ್ತದೆ, ಮೇಲಿನದು ಕೆಟ್ಟರೆ ಕಣ್ಣಿನ ಕೆಳಗೆ ಎಳೆಯುತ್ತದೆ. ಕೆಳಗಿನ ಹಲ್ಲಿನ ನೋವನ್ನು ಮೇಲಿನದೆಂದು ಆಣೆಯಿಟ್ಟು ಹೇಳುವವರನ್ನು ನಾನು ವಾರಕ್ಕೊಬ್ಬರಂತೆ ಕಾಣುತ್ತೇನೆ. ಆದರೆ ಹಲ್ಲಿನ ನೋವು ಸಾಮಾನ್ಯವಾಗಿ ಮೋರೆಯ ನಡುಗೆರೆ ದಾಟಿ ಇನ್ನೊಂದು ಪಕ್ಕಕ್ಕೆ ಹೋಗುವುದಿಲ್ಲ. ಎರಡೂ ಪಕ್ಕ ಒಟ್ಟಿಗೆ ನೋಯುತ್ತಿದ್ದರೆ ಹಲ್ಲಿನಾಚೆಗೆ ನೋಡಬೇಕು.

ಹಲ್ಲಿನದೇ ಆಗಿದ್ದರೆ ಅದರ ಕಥೆ ಹೀಗೆ ಸಾಗುತ್ತದೆ. ಮೊದಮೊದಲು ತಣ್ಣೀರು, ಸಿಹಿ ತಾಗಿದಾಗ ಜುಮ್ಮೆಂದು ತಕ್ಷಣ ನಿಲ್ಲುತ್ತದೆ. ಈ ಹಂತದಲ್ಲಿ ಬಂದರೆ ಬರಿಯ ತುಂಬುವಿಕೆಯಲ್ಲಿ ಮುಗಿದೀತು. ಮುಂದೆ, ತಾಗಿದ್ದು ಹೋದ ಮೇಲೂ ನೋವು ನಿಮಿಷಗಟ್ಟಲೆ ಉಳಿಯುತ್ತದೆ, ಬಿಸಿ ಕಾಫಿ ತಡೆಯಲಾಗದು, ರಾತ್ರಿ ಮಲಗಿದರೆ ಮಿಡಿಯುತ್ತದೆ. ಹಲ್ಲಿನ ಒಳತಿರುಳು ಬಾತಿದೆ ಎಂದು ಇದರ ಅರ್ಥ. ಆಮೇಲೆ ಒಂದು ದಿನ ನೋವು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಹೆದರುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ. "ದೇವರು ಕಣ್ಣು ತೆರೆದ" ಎಂದು ತೆಂಗಿನಕಾಯಿ ಒಡೆಯುತ್ತಾನೆ. ಆದದ್ದೇನೆಂದರೆ ತಿರುಳು ಸತ್ತಿದೆ, ನೋವನ್ನು ವರದಿ ಮಾಡುವವನೇ ಇಲ್ಲ. ಕೆಲವು ವಾರವೋ ತಿಂಗಳೋ ಕಳೆದು, ಅಗಿದರೆ ನೋವು, ಬಾವು, ಕೀವು. ನೋವು ತಾನಾಗಿ ನಿಂತ ದಿನವೇ ವೈದ್ಯರಿಗೆ ತೋರಿಸಲು ಒಳ್ಳೆಯ ದಿನ. ನಿಮಗೆ ಧೈರ್ಯವೂ ಇರುತ್ತದೆ, ಅವರಿಗೆ ಬಿಡುವೂ ಸಿಗುತ್ತದೆ.

ನೆಗಡಿ ಬಂದು ಹೋದ ಮೇಲೆ ಮೇಲಿನ ಹಿಂಬದಿಯ ಮೂರು ನಾಲ್ಕು ಹಲ್ಲು ಒಟ್ಟಿಗೆ ಭಾರವಾಗಿ ನೋಯುತ್ತಿದ್ದರೆ, ಬೂಟಿನ ದಾರ ಕಟ್ಟಲು ಬಗ್ಗಿದಾಗ ಹೆಚ್ಚಾದರೆ, ಮೂಗಿನ ಪಕ್ಕದ ಮೂಳೆಯ ಪೊಟರೆಯಲ್ಲಿ ಬಾವಿದೆಯೆಂದು ಊಹಿಸಬಹುದು. ಆ ಹಲ್ಲುಗಳ ಬೇರುಗಳು ಆ ಪೊಟರೆಯ ನೆಲಕ್ಕೆ ತಾಗಿಕೊಂಡಿವೆ. ಅಲ್ಲಿ ಹಲ್ಲಿನ ಅಪರಾಧವೇನೂ ಇಲ್ಲ. ಒಂದೇ ಮೂಗಿನ ಹೊಳ್ಳೆಯಿಂದ ದುರ್ನಾತದ ಸಿಂಬಳ ಬರುತ್ತಿದ್ದರೆ ಮಾತ್ರ ಕಥೆ ತಿರುಗುಮುರುಗು. ಹಲ್ಲಿನ ಕೀವೇ ಮೇಲೆ ಹತ್ತಿರಬಹುದು.

ಹೆದರುವವರಿಗೆ ನಾನು ಸಂತೋಷದಿಂದ ಹೇಳುವ ಕಾರಣ ದವಡೆಯ ಕೀಲು ಮತ್ತು ಸ್ನಾಯುಗಳದು. ಅಂಗೈಯಿಡಬೇಕಾದಷ್ಟು ಅಗಲದ ಮೊಂಡು ನೋವು, ಬೆಳಗ್ಗೆ ಏಳುವಾಗಲೇ ದವಡೆ ದಣಿದಂತೆ ಇರುವುದು, ಬಾಯಿ ತೆರೆದರೆ ಕಿವಿಯ ಮುಂದೆ 'ಟಕ್' ಎನ್ನುವುದು, ಕೆಲವೊಮ್ಮೆ ಕಣತಲೆಯ ನೋವು. ಚಿಂತೆಯಲ್ಲಿರುವವರು ಹಗಲೆಲ್ಲ ಅರಿವಿಲ್ಲದೆ ಹಲ್ಲು ಬಿಗಿಹಿಡಿಯುತ್ತಾರೆ, ರಾತ್ರಿ ಕಟಕಟನೆ ಕಡಿಯುತ್ತಾರೆ. ಆರಾಮವಾಗಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿರಬಾರದು. ಈ ಕ್ಷಣ ಈ ಸಭೆಯಲ್ಲಿ ಎಷ್ಟು ಮಂದಿಯ ಹಲ್ಲು ತಾಗಿದೆಯೋ ನೋಡಿಕೊಳ್ಳಿ. ಹಲ್ಲಿನ ವೈದ್ಯರಿಗೆ ಹೆದರಿ ಹಲ್ಲು ಕಚ್ಚಿ ಕೂತು, ಆ ಕಚ್ಚುವಿಕೆಯಿಂದಲೇ ಮೋರೆ ನೋವು ತಂದುಕೊಂಡು, ಆ ನೋವಿಗೆ ಮತ್ತಷ್ಟು ಹೆದರುವವರನ್ನು ಕಂಡಿದ್ದೇನೆ. ಇದಕ್ಕೆ ಬೇಕಾದದ್ದು ಕೆಲವು ವಾರ ಮೆತ್ತನೆಯ ಊಟ, ಬಿಸಿ ಶಾಖ, ಹೇಳಿಕೊಟ್ಟ ವ್ಯಾಯಾಮ, ಬೇಕಾದರೆ ರಾತ್ರಿ ಹಾಕಿಕೊಳ್ಳುವ ಒಂದು ತಟ್ಟೆ. ಸಾಮಾನ್ಯವಾಗಿ ಸೂಜಿಯೂ ಇಲ್ಲ, ಕೊರೆತವೂ ಇಲ್ಲ.

ಇದಕ್ಕೆ ಪೂರಾ ವಿರುದ್ಧವಾದದ್ದು ನರದ ನೋವು. ವಡೋದರೆಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು ನನ್ನಲ್ಲಿಗೆ ಬಂದಾಗ ಅವರ ಬಲಗೆನ್ನೆ ನುಣುಪಾಗಿತ್ತು, ಎಡಗೆನ್ನೆಯಲ್ಲಿ ಒಂದು ತಿಂಗಳ ಗಡ್ಡ. ಕ್ಷೌರದ ಕತ್ತಿ ಎಡಗೆನ್ನೆಗೆ ತಾಗಿದರೆ ಮಿಂಚು ಹೊಡೆದಂತೆ ನೋವು. ಕೆಲವೇ ಕ್ಷಣ, ಆದರೆ ಮನುಷ್ಯ ಕೂಗಿಕೊಳ್ಳುವಂಥದು. ಮುಖ ತೊಳೆದರೆ, ಹಲ್ಲುಜ್ಜಿದರೆ, ಜನವರಿಯಲ್ಲಿ ಗಾಳಿಪಟದ ಹಬ್ಬಕ್ಕೆ ತಾರಸಿ ಹತ್ತಿ ತಣ್ಣನೆಯ ಗಾಳಿ ಬೀಸಿದರೆ, ಅದೇ ಮಿಂಚು. ರಾತ್ರಿ ನಿದ್ದೆಗೆ ಮಾತ್ರ ತೊಂದರೆಯಿಲ್ಲ. ಅವರ ಎಡಪಕ್ಕದಲ್ಲಿ ಎರಡು ಹಲ್ಲುಗಳನ್ನು ಅದಾಗಲೇ ಕೀಳಿಸಿಕೊಂಡಿದ್ದರು; ನೋವು ಇದ್ದಲ್ಲೇ ಇತ್ತು. ಮೂರನೆಯದನ್ನು ಕೀಳಬೇಕೆಂದಾಗ ಹೆದರಿ ಮನೆಯಲ್ಲಿ ಕುಳಿತರು. ಆ ಹೆದರಿಕೆ ಅವರ ಹಲ್ಲೊಂದನ್ನು ಉಳಿಸಿತು ಎನ್ನಬೇಕು.

ಈ ರೋಗ ಹೊಸದಲ್ಲ. ೧೭೫೬ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರೆ ಇದಕ್ಕೊಂದು ಹೆಸರು ಕೊಟ್ಟ. ೧೭೭೩ರಲ್ಲಿ ಲಂಡನ್ನಿನ ಜಾನ್ ಫಾದರ್‌ಗಿಲ್ ಎಂಬ ವೈದ್ಯ ಇದರ ಲಕ್ಷಣಗಳನ್ನು ಚೆನ್ನಾಗಿ ವರ್ಣಿಸಿದ. ಅಂದಿನಿಂದ ಇಂದಿನವರೆಗೂ ಲೋಕದಲ್ಲೆಲ್ಲ ಈ ನೋವಿಗಾಗಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಕಿತ್ತು ಎಸೆದದ್ದುಂಟು. ಅನೇಕರಲ್ಲಿ ಇದರ ಮೂಲ, ಮಿದುಳಿನಿಂದ ಆ ಮೂರು ಕವಲಿನ ನರ ಹೊರಡುವಲ್ಲಿ ಒಂದು ರಕ್ತನಾಳ ಅದನ್ನು ಒತ್ತುತ್ತಿರುವುದು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಎಂಬ ಗುಳಿಗೆ ಇದಕ್ಕೆ ಗುಣ ಕೊಡುತ್ತದೆಂದು ೧೯೬೨ರಲ್ಲಿ ಸ್ವೀಡನ್ನಿನ ವೈದ್ಯರೊಬ್ಬರು ಪ್ರಕಟಿಸಿದರು. ಇಂದಿಗೂ ಮೊದಲು ಕೊಡುವುದು ಸಾಮಾನ್ಯವಾಗಿ ಅದನ್ನೇ. ಆದರೆ ಅಂಗಡಿಯಿಂದ ತಾವಾಗಿ ತಂದು ನುಂಗುವ ವಸ್ತುವಲ್ಲ. ಮೈಮೇಲೆ ಗುಳ್ಳೆ, ಕೆಂಪು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಮಾತ್ರೆಗೆ ಬಗ್ಗದಿದ್ದರೆ ನರದ ಮೇಲಿನ ಆ ಒತ್ತಡವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ಮಾರ್ಗವೂ ಇದೆ. ಆ ಹಿರಿಯರು ನರರೋಗದ ವೈದ್ಯರಲ್ಲಿಗೆ ಹೋದರು. ಮುಂದಿನ ಸಲ ಎರಡೂ ಕೆನ್ನೆ ಬೋಳಿಸಿಕೊಂಡು ಬಂದರು.

ಇನ್ನು ಈ ನಾಡಿನಲ್ಲಿ ಕೂತು ಹೇಳಲೇಬೇಕಾದ ಒಂದು ಸಂಗತಿ. ಅಡಕೆಯ ಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗೈಯಲ್ಲಿ ಉಜ್ಜಿ ಬಾಯಿಗೆ ಹಾಕುವ 'ಮಾವಾ' ಇಲ್ಲಿಯ ಬೀದಿ ಬೀದಿಯ ಪದಾರ್ಥ. ಗುಟಕಾವನ್ನು ಗುಜರಾತ ಸರಕಾರ ೨೦೧೨ರಲ್ಲಿ ನಿಷೇಧಿಸಿತು. ಮಾವಾದ ಚಟ ಅದರಿಂದ ಹೋಗಲಿಲ್ಲ. ನಮ್ಮ ಹುಡುಗರು ಕೆಲಸಕ್ಕೆಂದು ಬಂದು ವರ್ಷದೊಳಗೆ ಕಲಿಯುತ್ತಾರೆ. ಆ ಅಡಕೆಯೋ, ಬಹುಪಾಲು ನಮ್ಮ ದಕ್ಷಿಣ ಕನ್ನಡ, ಮಲೆನಾಡುಗಳ ತೋಟದ್ದಿರಬಹುದು. ಮಂಗಳೂರ ಚಾಲಿಗೆ ಈ ನಾಡು ಹಳೆಯ ಗಿರಾಕಿ. ನಮ್ಮವರ ಅನ್ನದ ಬೆಳೆಯ ಮೇಲೆ ಮಾತಾಡುವುದು ನನಗೆ ಕಷ್ಟವೇ. ಆದರೂ, ಅಡಕೆ ತಾನೊಂದೇ ಕ್ಯಾನ್ಸರನ್ನು ಉಂಟುಮಾಡಬಲ್ಲದೆಂದು ವಿಶ್ವಸಂಸ್ಥೆಯ ಕಡೆಯ ಕ್ಯಾನ್ಸರ್ ಸಂಶೋಧನ ಮಂಡಲಿ ೨೦೦೪ರಲ್ಲಿ ಸಾರಿದ್ದನ್ನು ಮರೆಮಾಡಲಾರೆ.

ಮೊದಲು ಆಗುವುದು ಕ್ಯಾನ್ಸರಲ್ಲ. ಮೆಣಸಿನಕಾಯಿಯ ಸಾರು ಬಾಯಿಗೆ ಉರಿಯುತ್ತದೆ. ಕೆನ್ನೆಯ ಒಳಭಾಗ ಬಿಳಿಚಿ ಚಕ್ಕಳದಂತೆ ಬಿರುಸಾಗುತ್ತದೆ. ಪಾಣಿಪುರಿ ಇಡಿಯಾಗಿ ಬಾಯಿಗೆ ಹಿಡಿಸದು. ೧೯೫೨ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಇದನ್ನು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಐವರು ಭಾರತೀಯ ಹೆಂಗಸರಲ್ಲಿ ಕಂಡು ಬರೆದ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಎರಡೇ ಹೋದರೆ ತೋರಿಸಬೇಕು. ಬಾಯಿ ತೆರೆಯದ ಮೇಲೆ ಹಲ್ಲಿನ ಚಿಕಿತ್ಸೆಯೂ ಕಷ್ಟ, ಹೆದರಿಕೆಯೂ ಇಮ್ಮಡಿ. ಇನ್ನೂ ಒಂದು ಮಾತು: ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣು, ಕೆರೆದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಜೋಮು ಹಿಡಿದ ತುಟಿ, ಕತ್ತಿನ ಗಂಟು, ಇವನ್ನು "ನೋವಿಲ್ಲವಲ್ಲ" ಎಂದು ಬಿಡುವಂತಿಲ್ಲ. ಅಸಾರ್ವಾದ ಅದೇ ಆವರಣದಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಗುಜರಾತ ಕ್ಯಾನ್ಸರ್ ಸಂಶೋಧನ ಸಂಸ್ಥೆಯಿದೆ. ಅಲ್ಲಿಗೆ ಬೇಗ ಹೋದವರಿಗೂ ತಡವಾಗಿ ಹೋದವರಿಗೂ ಆಗುವ ಚಿಕಿತ್ಸೆಯಲ್ಲಿ ಅಜಗಜಾಂತರವಿದೆ. ಸೂರತ್ತಿನ ಒಬ್ಬ ತರುಣ ಹುಣ್ಣನ್ನು ತೋರಿಸಲು ಎಂಟು ತಿಂಗಳು ತಡಮಾಡಿದ. ಕಾರಣ ಕೇಳಿದರೆ, ಬಾಯಿ ನೋಡಿದ ವೈದ್ಯರು ಹಲ್ಲು ಕಿತ್ತಾರೆಂಬ ಭಯ. ಕೊನೆಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು.

ಭಯಕ್ಕೆ ಎಷ್ಟೇ ಮರ್ಯಾದೆ ಕೊಟ್ಟರೂ ಕೆಲವು ನೋವುಗಳಿಗೆ ಪುಸ್ತಕ ಬರೆಯುತ್ತ ಕೂಡಬಾರದು. ದವಡೆಯ ಕೆಳಗೆ ಗಟ್ಟಿ ಬಾವು, ಜ್ವರ, ಉಗುಳು ನುಂಗಲು ಅಥವಾ ಉಸಿರಾಡಲು ಕಷ್ಟ ಇದ್ದರೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೆಟ್ಟಿಲು ಹತ್ತಿದಾಗ ದವಡೆ ಹಿಂಡಿ, ನಿಂತಾಗ ಬಿಟ್ಟರೆ, ಜೊತೆಗೆ ಬೆವರು, ಎದೆಯ ಭಾರ ಇದ್ದರೆ, ಅದು ಹೃದಯದ ನೋವಿರಬಹುದು. ೧೦೮ಕ್ಕೆ ಕರೆ ಮಾಡಿ. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿಯುತ್ತಿದ್ದಂತೆ ದವಡೆ ಸೋತು, ಕಣ್ಣು ಮಂಜಾದರೆ, ರಕ್ತನಾಳದ ಉರಿಯೂತದಿಂದ ದೃಷ್ಟಿಯೇ ಹೋಗುವ ಭಯವುಂಟು; ಅದೂ ಅದೇ ದಿನದ ಕೆಲಸ. ಮೋರೆಯ ಒಂದೇ ಪಕ್ಕದಲ್ಲಿ ಉರಿದು ನೀರ್ಗುಳ್ಳೆ ಎದ್ದರೆ ಸರ್ಪಸುತ್ತು. ಮಂತ್ರ ಹಾಕಿಸುವವರು ಹಾಕಿಸಲಿ, ಆದರೆ ಮೂರು ದಿನದೊಳಗೆ ಔಷಧವೂ ಬೀಳಲಿ.

ಎಲ್ಲ ಪರೀಕ್ಷೆ ಮುಗಿದು ಹಲ್ಲಿನದೇ ತಪ್ಪು ಎಂದಾಯಿತೆನ್ನಿ. ಆಗ ಚಿಕಿತ್ಸೆಯ ಭಯ ಎದುರಿಗೆ ನಿಲ್ಲುತ್ತದೆ. ಈ ಭಯಕ್ಕೆ ಕಾರಣವಿಲ್ಲದಿಲ್ಲ. ಅದು ನಮ್ಮ ತಾತಂದಿರ ಕಾಲದಿಂದ ಇಳಿದು ಬಂದ ಆಸ್ತಿ. ಸಂತೆಯಲ್ಲಿ ಕೂರಿಸಿ, ಇಬ್ಬರು ಹೆಗಲು ಹಿಡಿದು, ಇಕ್ಕಳ ಹಾಕುತ್ತಿದ್ದ ಕಾಲವಿತ್ತು. ೧೮೪೪ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ನಗೆಯ ಅನಿಲವನ್ನು ಸೇದಿ ತನ್ನದೇ ಹಲ್ಲನ್ನು ಕೀಳಿಸಿಕೊಂಡ. ಹಲ್ಲಿನ ವೈದ್ಯರಿಗೂ ಭಯವುಂಟೆಂಬುದಕ್ಕೆ ಇದು ಸಾಕ್ಷಿಯೆಂದು ನನ್ನ ಭಾವನೆ. ಇಂದು ನಾವು ಮರಗಟ್ಟಿಸಲು ಬಳಸುವ ಲಿಗ್ನೊಕೇನ್ ಸ್ವೀಡನ್ನಿನಲ್ಲಿ ೧೯೪೩ರಲ್ಲಿ ತಯಾರಾಯಿತು. ಗಾಳಿಯಿಂದ ತಿರುಗುವ ವೇಗದ ಕೊರೆಯಂತ್ರ ೧೯೫೭ರಲ್ಲಿ ಬಂತು. ಅದಕ್ಕೆ ಮೊದಲಿನದು ಹಗ್ಗ ರಾಟೆಗಳ ಮೇಲೆ ಗಡಗಡನೆ ತಲೆಯನ್ನೇ ಅದುರಿಸುತ್ತಿತ್ತು. ನಮ್ಮ ಮನೆಗಳಲ್ಲಿ ಇನ್ನೂ ಹೇಳುವ ಕಥೆಗಳು ಆ ಗಡಗಡದ ಕಾಲದವು.

ಆದರೂ ಭಯ ಉಳಿದರೆ ನಾಚಬೇಕಾಗಿಲ್ಲ, ಬಾಗಿಲಲ್ಲೇ ಹೇಳಿಬಿಡಿ. ಬೆಳಗಿನ ಮೊದಲ ಸರದಿ ಕೇಳಿ, ಕಾಯುತ್ತ ಕೂತಷ್ಟೂ ಭಯ ಬೆಳೆಯುತ್ತದೆ. ಎಡಗೈ ಎತ್ತಿದರೆ ನಿಲ್ಲಿಸಬೇಕೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಈ ಒಂದು ಒಪ್ಪಂದದಿಂದಲೇ ಎಷ್ಟೋ ಮಂದಿಯ ಎದೆಬಡಿತ ಇಳಿಯುವುದನ್ನು ನೋಡಿದ್ದೇನೆ, ಕೈಯೆತ್ತುವ ಪ್ರಸಂಗವೇ ಬರುವುದಿಲ್ಲ. ಸೂಜಿಗೆ ಮುನ್ನ ಒಸಡಿಗೆ ಮರಗಟ್ಟಿಸುವ ಮುಲಾಮು ಹಚ್ಚಿ, ಔಷಧವನ್ನು ಮೆಲ್ಲಗೆ ಬಿಡಿರೆಂದು ಕೇಳಬಹುದು. ಕೆಲಸವನ್ನು ನಾಲ್ಕು ಸಲಕ್ಕೆ ಹಂಚಬಹುದು. ಇಷ್ಟಕ್ಕೂ ಆಗದವರಿಗೆ ಅನಿಲದಿಂದ ಮಂಪರು ಬರಿಸಿಯೋ, ಆಸ್ಪತ್ರೆಯಲ್ಲಿ ಪೂರಾ ನಿದ್ದೆ ಬರಿಸಿಯೋ ಮಾಡುವ ಏರ್ಪಾಡುಗಳಿವೆ. ಹೆದರಿದವರನ್ನು ಗದರುವ ವೈದ್ಯನಿದ್ದರೆ, ಅವನು ಎಷ್ಟೇ ಪ್ರವೀಣನಾಗಿರಲಿ, ಬೇರೊಬ್ಬರನ್ನು ಹುಡುಕಿಕೊಳ್ಳಿ. ಅಲ್ಲಿಯವರೆಗೆ ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಗುಳಿಗೆ ಇಟ್ಟುಕೊಳ್ಳುವ ರೂಢಿಯನ್ನು ಬಿಡಿ; ಅದು ಒಸಡನ್ನು ಸುಡುತ್ತದೆಯೇ ಹೊರತು ನೋವನ್ನಲ್ಲ.

ಗುಜರಾತಿ ಬಾರದವರು ಒ೦ದು ಚೀಟಿಯಲ್ಲಿ ಎರಡು ವಾಕ್ಯ ಬರೆದುಕೊಳ್ಳಿ. 'ಮನೇ ಬೀಕ್ ಲಾಗೇ ಛೇ', ನನಗೆ ಹೆದರಿಕೆಯಾಗುತ್ತದೆ. 'ಆಜೇ ಫಕ್ತ ಜೋಈ ಆಪೋ, ದಾಂತ್ ಕಾಢಶೋ ನಹೀಂ', ಇವತ್ತು ನೋಡಿಕೊಡಿ ಅಷ್ಟೆ, ಹಲ್ಲು ಕೀಳಬೇಡಿ. ಎರಡನೆಯದನ್ನು ಓದಿ ವೈದ್ಯರು ನಕ್ಕರೆ ಕಾರಣ ನಿಮಗೆ ಆಗಲೇ ತಿಳಿದಿದೆ.

ಈಗ ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು. ಬಾಯಿ ತೆರೆದು ತೋರಿಸಿರೆಂದು ನಾನು ಇಲ್ಲಿ ಯಾರನ್ನೂ ಕೇಳುವುದಿಲ್ಲ.